ಮೇಸ್ತ್ರಿಯ ಮೇಲೆ ಅಂತರರಾಷ್ಟ್ರೀಯ ಕೇಸು

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂದು ಗಾದೆ ಕಟ್ಟಿದವರು, ಆ ಕೊಡೆಯನ್ನು ಹೊಲಿದವರು ಯಾರು, ಮಡಿಸಿದವರು ಯಾರು, ಪೆಟ್ಟಿಗೆಗೆ ತುಂಬಿದವರು ಯಾರು ಎಂದು ವಿಚಾರಿಸುವ ಗೋಜಿಗೆ ಹೋಗಲಿಲ್ಲ. ಗಾದೆ ಕಟ್ಟುವವರ ಬೆರಳಿಗೆ ಸೂಜಿ ಚುಚ್ಚಿದ್ದು ಕಡಿಮೆ. ಆದ್ದರಿಂದ ಆ ಕೆಲಸ ನಮ್ಮ ಪಾಲಿಗೆ ಬಂದಿದೆ. ಮಡಿಸಿದವರು ಪ್ಯಾಕಿಂಗ್ ಸೆಕ್ಷನ್ನಿನ ಹೆಂಗಸರು. ತುಂಬಿಸಿದವನು ಅವರ ಮೇಸ್ತ್ರಿ. ಛತ್ರಿ ಫ್ಯಾಕ್ಟರಿಯಲ್ಲಿ ಇಷ್ಟು ಕಾಲ ದುಡಿದೂ ತಾನೊಬ್ಬ ಛತ್ರಿಯಾಗಲು ಆಗದ ಪಾಪದ ಮನುಷ್ಯ.

ಮೇಸ್ತ್ರಿಗೆ ಬೇರೆ ಕಾಯಿಲೆ ಇರಲಿಲ್ಲ. ಇದ್ದದ್ದು ಒಬ್ಬ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಅಣ್ಣತಮ್ಮಂದಿರ ಜೊತೆ ಆಸ್ತಿಗಾಗಿ ಬಡಿದಾಡಬಹುದು, ಮಾತು ಬಿಡಬಹುದು. ಷಡ್ಡಕನ ಜೊತೆ ಹಾಗಲ್ಲ. ಮಾವನ ಮನೆಯ ಊಟದ ಮೇಜಿಗೆ ಪಕ್ಕಪಕ್ಕ ಕೂತು, ಅವನ ತಟ್ಟೆಗೆ ಬಿದ್ದದ್ದೆಷ್ಟು, ತನ್ನ ತಟ್ಟೆಗೆ ಬಿದ್ದದ್ದೆಷ್ಟು ಎಂದು ಓರೆಗಣ್ಣಲ್ಲಿ ಅಳೆಯುವುದೊಂದೇ ದಾರಿ. ಷಡ್ಡಕ ಫ್ರಿಜ್ ತಂದಾಗ ಮೇಸ್ತ್ರಿ ಅದಕ್ಕಿಂತ ಗೇಣುದ್ದ ಎತ್ತರದ್ದು ತಂದ. ಅದು ಅಡುಗೆಮನೆಯ ಬಾಗಿಲಲ್ಲಿ ತೂರದೆ ಮಲಗುವ ಕೋಣೆ ಸೇರಿತು. ಅಂದಿನಿಂದ ಅವನ ಹೆಂಡತಿ ಹಾಲು ತೆಗೆಯಬೇಕಾದರೆ ಮೊದಲು ಹಾಸಿಗೆ ಹತ್ತಬೇಕು.

ಷಡ್ಡಕ ಸೋಪು ಕಂಪನಿಯಲ್ಲಿ ಮಾರಾಟದ ಆಫೀಸರು. ಆ ಕಂಪನಿ ಅವನನ್ನು ಒಂದು ಕೋರ್ಸಿಗೆ ಕಳಿಸಿತು. ದೊಡ್ಡ ಹುದ್ದೆಯವರಿಗಾಗಿಯೇ ಶನಿವಾರ ನಡೆಯುವ ಕೋರ್ಸು. ಹೆಸರು 'ಅಂತರರಾಷ್ಟ್ರೀಯ ಸ್ಟ್ರಾಟಜಿ ಮತ್ತು ಕನ್ಸಲ್ಟಿಂಗ್ ಪ್ರಾಜೆಕ್ಟ್'. ಸೇರಿದವರಿಗೆ ಮೊದಲ ದಿನವೇ ಒಂದು ಕಪ್ಪು ಚೀಲ ಕೊಡುತ್ತಾರೆ. ಅದರ ಮೇಲೆ ಚಿನ್ನದ ಬಣ್ಣದ ಸಿಂಹ. ಷಡ್ಡಕ ಅದನ್ನು ಹೆಗಲಿಗೆ ಹಾಕಿಕೊಂಡೇ ಮಾವನ ಮನೆಗೆ ಊಟಕ್ಕೆ ಬಂದ, ಹೆಗಲಲ್ಲಿಟ್ಟುಕೊಂಡೇ ಉಂಡ.

"ಏನಪ್ಪಾ ಅದು ಚೀಲದ ಮೇಲೆ? ಬೆಕ್ಕಾ?" ಎಂದರು ಮಾವ.

"ಸಿಂಹ ಮಾವ. ಕಾಲೇಜಿನ ಗುರುತು. ಸ್ಟ್ರಾಟಜಿ ಓದ್ತಿದೀನಿ."

"ಈ ವಯಸ್ಸಲ್ಲಿ ಪರೀಕ್ಷೆ ಬರೀಬೇಕಾ?"

"ಪರೀಕ್ಷೆ ಎಲ್ಲಾ ಇಲ್ಲ ಮಾವ. ಕೇಸು. ಒಂದೊಂದು ಕಂಪನಿ ಒಂದೊಂದು ಕೇಸು. ನಾವು ಹೋಗಿ ನೋಡಿ ಅವರಿಗೆ ಸಲಹೆ ಕೊಡ್ತೀವಿ."

"ಅವರು ಕೇಳಿದ್ರಾ?"

"ಕೇಳದೆ ಇದ್ರೂ ಕೊಡ್ತೀವಿ. ಅದಕ್ಕೇ ಕೋರ್ಸು ಅಷ್ಟು ದುಬಾರಿ. ಗೆದ್ದ ತಂಡಕ್ಕೆ ಫಾರಿನ್ ಟೂರು ಬೇರೆ." ಷಡ್ಡಕ ನೀರು ಕುಡಿದು ಮೇಸ್ತ್ರಿಯ ಕಡೆ ತಿರುಗಿದ. "ಅಂದ ಹಾಗೆ, ಈ ಸಲ ನಮ್ಮ ತಂಡಕ್ಕೆ ಸಿಕ್ಕಿರೋ ಕೇಸು ಯಾವುದು ಗೊತ್ತೇನಪ್ಪಾ? ನಿಮ್ಮ ಛತ್ರಿ ಫ್ಯಾಕ್ಟರಿ! ಅದ್ರಲ್ಲೂ ನಿನ್ನ ಪ್ಯಾಕಿಂಗ್ ಸೆಕ್ಷನ್ನು."

ಮೇಸ್ತ್ರಿ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿ ಚೀಲದತ್ತ ನೋಡಿದ. ಊರಿಗೆಲ್ಲ ಇಲ್ಲದ ಸಿಂಹ ಇವನೊಬ್ಬನ ಬಗಲಿಗೇ ಏಕೆ ಬಂದು ಕೂತಿತು?

ಆ ವಾರವೇ ತಂಡ ಫ್ಯಾಕ್ಟರಿಗೆ ಬಂತು. ಬ್ಯಾಂಕಿನವನೊಬ್ಬ, ಆಸ್ಪತ್ರೆಗಳ ಒಡತಿಯೊಬ್ಬಳು, ಹಡಗು ಕಂಪನಿಯ ವಿದೇಶಿಯೊಬ್ಬ, ನಮ್ಮ ಷಡ್ಡಕ, ಎಲ್ಲರಿಗೂ ಮುಂದೆ ಪ್ರೊಫೆಸರಮ್ಮ. ಅವರಲ್ಲಿ ಯಾರಿಗೂ ಕೊಡೆ ಮಡಿಸಿ ಅಭ್ಯಾಸವಿರಲಿಲ್ಲ. ಅವರ ಕೊಡೆಗಳನ್ನು ಅವರ ಡ್ರೈವರುಗಳು ಮಡಿಸುತ್ತಾರೆ. ಅವರ ಕೇಸಿನ ಪ್ರಶ್ನೆ ಸರಳವಾಗಿತ್ತು. ಪ್ಯಾಕಿಂಗ್ ಸೆಕ್ಷನ್ನನ್ನು ಇಲ್ಲಿ ಮುಚ್ಚಿ, ಇನ್ನೂ ಅಗ್ಗಕ್ಕೆ ಕೈಗಳು ಸಿಗುವ ಬೇರೊಂದು ದೇಶಕ್ಕೆ ಸಾಗಿಸಿದರೆ ಧಣಿಗೆ ಲಾಭವೆಷ್ಟು? ಓದುಗರು ಗಮನಿಸಬೇಕು: ಸಾಗಿಸುವುದು ಸೆಕ್ಷನ್ನನ್ನು. ಅದರೊಳಗೆ ನಿಂತು ನಿಂತು ಕಾಲು ಊದಿಸಿಕೊಂಡ ಹೆಂಗಸರನ್ನಲ್ಲ. ಮೇಸ್ತ್ರಿಯನ್ನಂತೂ ಅಲ್ಲವೇ ಅಲ್ಲ. ಇದನ್ನು ಬಾಯಿಬಿಟ್ಟು ಹೇಳಿದರೆ ಕಲ್ಲು ಬೀಳುತ್ತದೆಂದು ತಿಳಿದೇ ಅದಕ್ಕೊಂದು ಒಳ್ಳೆಯ ಬಟ್ಟೆ ತೊಡಿಸಿದ ಮಾತು ಹುಟ್ಟಿಸಿದ್ದಾರೆ.

"ನಿಮ್ಮ ಸೆಕ್ಷನ್ನನ್ನ ರೈಟ್‌ಸೈಜ್ ಮಾಡಬೇಕು ಅಂತ ನಮ್ಮ ಆಲೋಚನೆ," ಎಂದಳು ಪ್ರೊಫೆಸರಮ್ಮ ನಗುತ್ತಾ.

ಮೇಸ್ತ್ರಿ ತನ್ನ ಯೂನಿಫಾರ್ಮನ್ನು ಕೆಳಗಿನಿಂದ ಮೇಲಕ್ಕೊಮ್ಮೆ ನೋಡಿಕೊಂಡ.

"ಖಂಡಿತ ಮಾಡಿ ಮೇಡಂ! ಎಷ್ಟು ವರ್ಷದಿಂದ ಬಾಯಿ ಬಡ್ಕೊಳ್ತಿದೀವಿ. ನಂದು ನೋಡಿ, ಭುಜ ಸಡಿಲ, ಹೊಟ್ಟೆ ಬಿಗಿ. ಆ ಹೆಂಗಸರದ್ದಂತೂ ತೋಳೇ ಎತ್ತಕ್ಕಾಗಲ್ಲ. ಎಲ್ಲರನ್ನೂ ರೈಟ್‌ಸೈಜ್ ಮಾಡಿಬಿಡಿ. ಒಬ್ಬರನ್ನೂ ಬಿಡಬೇಡಿ."

ಪ್ರೊಫೆಸರಮ್ಮ ಬೆರಗಾಗಿ ತನ್ನ ತಂಡದತ್ತ ನೋಡಿದಳು. 'ನೌಕರರಿಂದ ಉತ್ಸಾಹಪೂರ್ಣ ಸಹಮತ' ಎಂದು ಬ್ಯಾಂಕಿನವನು ಟೈಪು ಮಾಡಿಕೊಂಡ. ಮೇಸ್ತ್ರಿಯನ್ನು ಗೋಡೆಗೆ ನಿಲ್ಲಿಸಿ ಮುಂದಿನಿಂದೊಂದು, ಪಕ್ಕದಿಂದೊಂದು ಫೋಟೋ ಹಿಡಿದರು. ಹೊರಡುವಾಗ ಪ್ರೊಫೆಸರಮ್ಮ ಅವನ ಕೈ ಕುಲುಕಿ, "ನೀವೇ ನಮ್ಮ ಕೇಸು. ನಿಮ್ಮನ್ನ ನಾಲ್ಕಾರು ದೇಶದಲ್ಲಿ ಓದ್ತಾರೆ," ಎಂದಳು.

ಅಷ್ಟು ಸಾಕಾಯಿತು. ಓದುವವರು ಊರಿಗೆಲ್ಲ ಇದ್ದಾರೆ. ಓದಿಸಿಕೊಳ್ಳುವವನು ಒಬ್ಬನೇ! ಸಿಂಹದ ಚೀಲ ಹೊತ್ತು ಷಡ್ಡಕ ಓದಬೇಕಾದದ್ದು ಯಾರನ್ನು? ತನ್ನನ್ನು! ಮೇಸ್ತ್ರಿ ಅಂದು ಮನೆಗೆ ನೆಟ್ಟಗೆ ಹೋಗಲಿಲ್ಲ. ಇಂಥ ಸುದ್ದಿಯನ್ನು ಮನೆಯಲ್ಲಿ ಹೇಳಿದರೆ ಒಬ್ಬರಿಗೆ ತಿಳಿಯುತ್ತದೆ, ಕ್ಷೌರದಂಗಡಿಯಲ್ಲಿ ಹೇಳಿದರೆ ಬೀದಿಗೆ.

ಕುರ್ಚಿಯಲ್ಲಿ ಕೂತು, ಕೊರಳಿಗೆ ಬಟ್ಟೆ ಸುತ್ತಿಸಿಕೊಂಡು, ಅರ್ಧ ಗಡ್ಡ ಆದ ಮೇಲೆ ಕನ್ನಡಿಗೆ ಹೇಳಿದ: "ನನ್ನ ಮೇಲೆ ಕೇಸಾಗಿದೆ."

ಕ್ಷೌರಿಕನ ಕತ್ತಿ ಗಾಳಿಯಲ್ಲೇ ನಿಂತಿತು. ಬೆಂಚಿನ ಮೇಲೆ ಪೇಪರು ಹಿಡಿದಿದ್ದ ಕೋರ್ಟಿನ ನಿವೃತ್ತ ಗುಮಾಸ್ತರು, ಬೀದಿಯಲ್ಲಿ ಎಲ್ಲರೂ 'ಕೋರ್ಟಜ್ಜ' ಎನ್ನುವವರು, ಕನ್ನಡಕ ಹಣೆಗೇರಿಸಿದರು.

"ಕೇಸಾ? ನಿಮ್ಮ ಮೇಲಾ ಮೇಸ್ತ್ರಿಗಳೇ?" ಕ್ಷೌರಿಕ ಮೆಲ್ಲಗೆ ಕೇಳಿದ.

"ಸಣ್ಣಪುಟ್ಟದ್ದಲ್ಲ. ಇಂಟರ್‌ನ್ಯಾಷನಲ್ಲು."

"ಯಾವ ಸೆಕ್ಷನ್ನು?" ಎಂದರು ಕೋರ್ಟಜ್ಜ.

"ಪ್ಯಾಕಿಂಗ್ ಸೆಕ್ಷನ್ನು."

ಕೋರ್ಟಜ್ಜ ಹುಬ್ಬು ಗಂಟಿಕ್ಕಿದರು. ಅವರ ಕಾಲದಲ್ಲಿ ಅಂಥ ಸೆಕ್ಷನ್ ಇರಲಿಲ್ಲ. ಕಾನೂನು ತುಂಬಾ ಮುಂದುವರಿದಿದೆ. "ಒಳಗೆ ಎಷ್ಟು ಕಾಲ ಇರಬೇಕಾಗುತ್ತಪ್ಪಾ?"

"ಒಳಗೇ ಇದೀನಲ್ಲ ಅಜ್ಜಾ, ಮೀಸೆ ಚಿಗುರಿದಾಗಿಂದ. ಅದಕ್ಕೇ ನನ್ನನ್ನ ಆರಿಸಿದ್ದು. ಫೋಟೋ ಕೂಡ ತಗೊಂಡ್ರು, ಮುಂದಿಂದೊಂದು, ಪಕ್ಕದಿಂದೊಂದು."

ಕ್ಷೌರಿಕ ಕತ್ತಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ. ಅಂಥವರ ಕೈಗೆಟುಕುವಂತೆ ಇಡುವುದು ಕ್ಷೇಮವಲ್ಲ.

"ಹಾಕಿದ್ಯಾರು ಕೇಸು?"

"ಇನ್ಯಾರು, ನಮ್ಮ ಷಡ್ಡಕ!" ಎಂದು ಮೇಸ್ತ್ರಿ ಎದೆಯುಬ್ಬಿಸಿದ. "ಏನೇ ಅನ್ನಿ, ಸಂಬಂಧ ಅಂದ್ರೆ ಸಂಬಂಧ. ಹೊರಗಿನೋರಿಗೆ ಹಾಕೋ ಬದಲು ನಮ್ಮೋರಿಗೇ ಹಾಕಿದ."

"ಎಂಥಾ ತಾಳ್ಮೆ!" ಕ್ಷೌರಿಕನ ಕಣ್ಣು ಒದ್ದೆಯಾಯಿತು. ಅವನು ಅಂದು ಮೇಸ್ತ್ರಿಯಿಂದ ಕಾಸು ತೆಗೆದುಕೊಳ್ಳಲಿಲ್ಲ. ಕೀರ್ತಿಯ ಮೊದಲ ಕಂತು ಎಂದುಕೊಂಡ ಮೇಸ್ತ್ರಿ ಅರ್ಧ ಬೋಳಿಸಿದ ಗಡ್ಡದಲ್ಲಿ ಸೀಟಿ ಹೊಡೆಯುತ್ತಾ ಹೊರಟ.

ಅವನ ಸೀಟಿ ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಹೆಂಡತಿ ಆಗಲೇ ಫೋನಿನಲ್ಲಿದ್ದಳು.

"ಅಕ್ಕಾ, ಸುತ್ತಿ ಬಳಸಿ ಬೇಡ. ಭಾವ ನಮ್ಮವರ ಮೇಲೆ ಕೇಸು ಹಾಕಿದಾರಾ ಇಲ್ವಾ?"

"ಹೂಂ ಕಣೇ," ಆ ಕಡೆಯಿಂದ ಅಕ್ಕನ ಧ್ವನಿ ಹಿಗ್ಗಿನಿಂದ ತೇಲಿ ಬಂತು. "ಊಟ ತಿಂಡಿ ಬಿಟ್ಟು ಅದೇ ಧ್ಯಾನ. ಗುರುವಾರ ಫೈನಲ್ಲು. ನಿಮ್ಮವರ ಫ್ಯಾಕ್ಟರೀಲೇ. ಮೂರು ಜನ ಜಡ್ಜುಗಳು ಬರ್ತಾರಂತೆ!"

"ಮೂರು ಜನಾನಾ?"

"ಗೆದ್ದೇ ಗೆಲ್ತೀವಿ ಅಂತಿದಾರೆ. ಗೆದ್ರೆ ನಾನೂ ಫಾರಿನ್ನಿಗೆ ಹೋಗ್ತೀನಿ ಕಣೇ. ನಿಂಗೇನು ತರಲಿ?"

ಹೆಂಡತಿ ಫೋನು ಕುಕ್ಕಿದಳು. ಬಾಗಿಲಲ್ಲಿ ನಿಂತಿದ್ದ ಗಂಡನನ್ನು ನೋಡಿ ಗೋಳೋ ಎಂದಳು.

"ನನ್ನ ಗಂಡನ್ನ ಜೈಲಿಗೆ ಕಳಿಸಿ ನಂಗೇನು ತರಲಿ ಅಂತ ಕೇಳ್ತಾಳಲ್ರೀ! ಒಡಹುಟ್ಟಿದೋಳು! ಎಲ್ಲಾದಕ್ಕೂ ನೀವು ಹಿಂದೆ. ಚೀಲ ಅವರೇ ಮೊದಲು ತಂದ್ರು. ಕೇಸಾದ್ರೂ ನಾವು ಮೊದಲು ಹಾಕಬಾರದಿತ್ತಾ?"

"ಅಯ್ಯೋ, ಅಳಬೇಡ್ವೇ. ಅದು ಆ ಥರದ್ದಲ್ಲ. ಇದು ಮಾನಕ್ಕೆ ಸಂಬಂಧಪಟ್ಟ ಕೇಸು."

"ಮಾನನಷ್ಟ!" ಎಂದರು ಮೆಟ್ಟಿಲ ಮೇಲಿಂದ ಕೋರ್ಟಜ್ಜ. ಅವರು ಸಹಾಯಕ್ಕೆಂದು ಆಗಲೇ ಬಂದಿದ್ದರು. "ನಾನು ಆವಾಗಲೇ ಅಂದ್ಕೊಂಡೆ. ಒಂದಕ್ಷರವೂ ಬಾಯಿ ಬಿಡಬೇಡ ಮೇಸ್ತ್ರಿ. ಏನು ಹೇಳಿದ್ರೂ ನಿಂಗೇ ಸುತ್ತಿಕೊಳ್ಳುತ್ತೆ."

ಮೇಸ್ತ್ರಿ ಬಾಯಿ ತೆರೆದಾಗಲೆಲ್ಲ ಅವರು ಅಂಗೈ ಅಡ್ಡ ಹಿಡಿದರು. ನಾವು ಸತ್ಯ ಹೇಳಬೇಕು: ಅವನು ಹೆಚ್ಚು ಸಲ ತೆರೆಯಲೂ ಇಲ್ಲ. ಏಕೆಂದರೆ ಅಷ್ಟರಲ್ಲಿ ಮಾವ ಬಂದರು. ಅಳಿಯನ ಮನೆಗೆ ಕಾಲಿಡಲು ಮೊಣಕಾಲು ನೋವೆಂದು ಹೇಳುತ್ತಲೇ ಬಂದಿದ್ದ ಮಾವ ಮೂರು ಅಂತಸ್ತು ಹತ್ತಿ ಬಂದು, "ಗುರುವಾರ ನಿನ್ನ ಪರವಾಗಿ ನಾನೇ ನಿಲ್ತೀನಿ. ಆ ಸಿಂಹದ ಮೋರೆಯವನನ್ನ ನಾನು ನೋಡ್ಕೋತೀನಿ," ಎಂದರು. ಷಡ್ಡಕನನ್ನು ಮಾವ ಬೈದದ್ದನ್ನು ಮೇಸ್ತ್ರಿ ಮದುವೆಯಾದಾಗಿನಿಂದ ಕೇಳಿರಲಿಲ್ಲ. ಅದನ್ನು ನಿಲ್ಲಿಸುವಷ್ಟು ದೊಡ್ಡ ಮನಸ್ಸು ಯಾರಿಗಿದೆ?

ಮರುದಿನ ಪ್ಯಾಕಿಂಗ್ ಮೇಜಿನ ಸುತ್ತ ಕೈಗಳು ಸುಮ್ಮನಾಗಿದ್ದವು. ಯೂನಿಯನ್ನಿನ ದೊಡ್ಡಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ದೊಡ್ಡಕ್ಕ ಎಂದರೆ ಧಣಿಯ ಕಾರು ಕೂಡ ಹಾರ್ನ್ ಹೊಡೆಯದೆ ಹೋಗುತ್ತಿತ್ತು.

"ಏನಯ್ಯಾ ಮೇಸ್ತ್ರಿ, ನಮ್ಮ ಸೆಕ್ಷನ್ ಮೇಲೆ ಕೇಸಂತೆ?"

"ಹೌದು ದೊಡ್ಡಕ್ಕ. ಆದ್ರೆ ಹೆದರೋದು ಬೇಡ. ಎಲ್ಲರನ್ನೂ ರೈಟ್‌ಸೈಜ್ ಮಾಡ್ತಾರಂತೆ. ನಾನೇ ಮಾತಾಡಿ ಒಪ್ಪಿಸಿದೀನಿ. ಹೊಸ ಯೂನಿಫಾರ್ಮು!"

ದೊಡ್ಡಕ್ಕ ಅವನನ್ನೇ ದಿಟ್ಟಿಸಿದಳು. "ನನ್ನ ತಮ್ಮನ ಗಿರಣೀಲೂ ರೈಟ್‌ಸೈಜ್ ಮಾಡಿದ್ರು. ಈಗ ಅಲ್ಲಿ ಕಾರು ನಿಲ್ಲಿಸ್ತಾರೆ. ಅವನು ಅಲ್ಲೇ ಸೀಟಿ ಊದ್ತಾನೆ."

"ಯೂನಿಫಾರ್ಮ್ ಕೊಟ್ಟಿದಾರಾ?"

"ಕೊಟ್ಟಿದಾರೆ! ಥೂ, ನಿನ್ನ..." ಎಂದು ದೊಡ್ಡಕ್ಕ ಹೆಂಗಸರತ್ತ ತಿರುಗಿದಳು. "ಈ ಮನುಷ್ಯನ ತಲೇಲಿ ಏನಿದೆಯೋ ನಂಗೊತ್ತಿಲ್ಲ. ಆದ್ರೆ ಕೇಸು ಇವನೊಬ್ಬನ ಮೇಲಲ್ಲ, ನಮ್ಮ ಸೆಕ್ಷನ್ ಮೇಲೆ. ಗುರುವಾರ ಯಾರೂ ಮೇಜು ಮುಟ್ಟಬೇಡಿ. ಗೇಟಿಗೆ ಬನ್ನಿ."

ಗುರುವಾರ ಬಂತು. ಮೇಲಿನ ಹಾಲಿನಲ್ಲಿ ಧಣಿ, ಪ್ರೊಫೆಸರಮ್ಮ, ತಂಡ, ಸ್ಪರ್ಧೆಯ ಮೂವರು ಜಡ್ಜುಗಳು. ಆ ಮೂವರಲ್ಲಿ ಒಬ್ಬ ವಿದೇಶದ ಕೊಡೆ ವ್ಯಾಪಾರಿ. ಅವನ ಸರಕು ಅಂದೇ ಹಡಗು ಹತ್ತಬೇಕಾಗಿತ್ತು, ಲಾರಿಗಳು ಅಂಗಳದಲ್ಲಿ ಬಾಯಿ ಕಳೆದು ನಿಂತಿದ್ದವು. ಷಡ್ಡಕ ಹೊಸ ಕೋಟು ತೊಟ್ಟು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಚಿತ್ರ ಬಿಟ್ಟ. ಮೊದಲ ಚಿತ್ರವೇ ಮೇಸ್ತ್ರಿ, ಅರ್ಧ ಸಡಿಲ, ಅರ್ಧ ಬಿಗಿ. "ನಮ್ಮ ಕೇಸು..." ಎಂದು ಷಡ್ಡಕ ಶುರುಮಾಡುವಷ್ಟರಲ್ಲಿ ಕೆಳಗಿನಿಂದ ಗುಡುಗಿತು:

"ಕೇಸು ವಾಪಸ್ ತಗೊಳ್ಳಿ! ಕೇಸು ವಾಪಸ್ ತಗೊಳ್ಳಿ!"

ಕಿಟಕಿಯಲ್ಲಿ ನೋಡಿದರೆ ಗೇಟಿನ ತುಂಬ ಬಿಚ್ಚಿದ ಕೊಡೆಗಳು. ಕೆಂಪು, ನೀಲಿ, ಚುಕ್ಕಿಯದು. ಹಡಗು ಹತ್ತಬೇಕಾದ ಕೊಡೆಗಳೇ ಹೆಂಗಸರ ತಲೆಯ ಮೇಲೆ ಕುಣಿಯುತ್ತಿದ್ದವು. ಅವುಗಳ ನಡುವೆ ಕ್ಷೌರಿಕ, ಕೋರ್ಟಜ್ಜ, ಸೆರಗು ಬಿಗಿದ ಮೇಸ್ತ್ರಿಯ ಹೆಂಡತಿ, ಗೇಟಿನ ಸರಳು ಹಿಡಿದು ಅಲ್ಲಾಡಿಸುತ್ತಿರುವ ಮಾವ.

"ಯಾವ ಕೇಸು?" ಧಣಿ ಬೆವರಿದ. ಧಣಿಗಳ ಮೇಲೆ ಯಾವಾಗಲೂ ಒಂದೆರಡು ಇರುತ್ತವೆ.

"ನಮ್ಮದೇ," ಎಂದಳು ಪ್ರೊಫೆಸರಮ್ಮ ಬಿಳಿಚಿಕೊಂಡು. "ಆದ್ರೆ ಇದು ಗುಟ್ಟಿನ ವರದಿ. ಇವರಿಗೆ ಹೇಗೆ ಗೊತ್ತಾಯ್ತು?"

ಎಲ್ಲರೂ ಗೋಡೆಯ ಮೇಲಿನ ಮೇಸ್ತ್ರಿಯನ್ನು ನೋಡಿದರು. ಆಮೇಲೆ ಬಾಗಿಲ ಬಳಿ ನಿಂತಿದ್ದ ನಿಜವಾದ ಮೇಸ್ತ್ರಿಯನ್ನು ನೋಡಿದರು.

ಅವನನ್ನು ಮೂಲೆಗೆ ಕರೆದೊಯ್ದು ಕೂರಿಸಿದರು. ಪ್ರೊಫೆಸರಮ್ಮ ಬಿಡಿಸಿ ಹೇಳಿದಳು: ಇದು ಕೋರ್ಟಿನ ಕೇಸಲ್ಲ, ಓದುವ ಕೇಸು. ಸೆಕ್ಷನ್ನು ಬೇರೆ ದೇಶಕ್ಕೆ ಹೋಗುತ್ತದೆ, ಅದರಿಂದ ಕಂಪನಿ ಬೆಳೆಯುತ್ತದೆ. ಮೇಸ್ತ್ರಿ ಕೆಳಗೆ ಹೋಗಿ ಇದನ್ನು ಅವರದೇ ಭಾಷೆಯಲ್ಲಿ ತಿಳಿಸಿ ಗಲಾಟೆ ನಿಲ್ಲಿಸಬೇಕು. ನಿಲ್ಲಿಸಿದರೆ ಅವನಿಗೂ ಕೋರ್ಸಿನಲ್ಲಿ ಒಂದು ಸೀಟು. ಹೀಗೆಂದು ಹೊಚ್ಚ ಹೊಸ ಕಪ್ಪು ಚೀಲವೊಂದನ್ನು ಅವನ ಹೆಗಲಿಗೆ ಹಾಕಿದಳು. ಅದರ ಮೇಲಿನ ಸಿಂಹ ಷಡ್ಡಕನ ಸಿಂಹಕ್ಕಿಂತ ಹೊಳೆಯುತ್ತಿತ್ತು. ಷಡ್ಡಕನ ಮುಖ ಸೋಪಿನ ನೊರೆಯ ಹಾಗೆ ಬೆಳ್ಳಗಾದದ್ದನ್ನು ಮೇಸ್ತ್ರಿ ಕಣ್ತುಂಬ ನೋಡಿಕೊಂಡ. ಹೇಳಿದ ಮಾತಿನಲ್ಲಿ ಅರ್ಧವನ್ನು ಕೇಳಿಸಿಕೊಂಡ. ಚೀಲ ಸಿಕ್ಕ ಮೇಲೆ ಕಿವಿಗೆ ಪುರುಸೊತ್ತು ಎಲ್ಲಿಯದು?

ಗೇಟಿನ ಬಳಿ ಸ್ಟೂಲು ಹಾಕಿದರು. ಚೀಲವನ್ನು ಎದೆಗೆ ಎಳೆದುಕೊಂಡು ಮೇಸ್ತ್ರಿ ಹತ್ತಿದ. ಕೂಗು ನಿಂತಿತು.

"ತಾಯಂದಿರೇ! ಮಾವನವರೇ! ಎಲ್ಲಾ ತಪ್ಪು ತಿಳ್ಕೊಂಡಿದೀರಿ! ಇದು ಕೋರ್ಟಿನ ಕೇಸಲ್ಲ, ಓದೋ ಕೇಸು. ಹೆದರೋಂಥದ್ದು ಏನೂ ಇಲ್ಲ. ನಮ್ಮ ಸೆಕ್ಷನ್ನನ್ನ ಮುಚ್ಚಿ ಇನ್ನೊಂದು ದೇಶಕ್ಕೆ ಕೊಟ್ರೆ, ನಮ್ಮನ್ನೆಲ್ಲಾ ಮನೆಗೆ ಕಳಿಸಿದ್ರೆ, ಧಣಿಗಳಿಗೆ ಎಷ್ಟು ಒಳ್ಳೇದಾಗುತ್ತೆ ಅಂತ ಓದ್ತಾರೆ, ಅಷ್ಟೇ!"

ತಾನು ಹೇಳಿದ್ದನ್ನು ಮೇಸ್ತ್ರಿಯೂ ಎಲ್ಲರ ಜೊತೆಗೇ ಮೊದಲ ಸಲ ಕೇಳಿಸಿಕೊಂಡ.

"ನಮ್ಮನ್ನೆಲ್ಲಾ..." ಎಂದು ತೊದಲಿದ. "ಅಂದ್ರೆ... ನನ್ನನ್ನೂ?"

"ಇಳಿಯಯ್ಯಾ ಕೆಳಗೆ!" ಎಂದಳು ದೊಡ್ಡಕ್ಕ. ಆದರೆ ಮೇಸ್ತ್ರಿ ಇಳಿಯಲಿಲ್ಲ. ತಿರುಗಿ ಮೇಲಿನ ಕಿಟಕಿಗೆ ಮುಖಮಾಡಿ, ಸಡಿಲ ಭುಜ ಕಿವಿಯವರೆಗೆ ಎದ್ದು ಬರುವಂತೆ ಕೈ ಎತ್ತಿ, ಬಿಗಿ ಹೊಟ್ಟೆಯಿಂದ ಕಿರುಚಿದ:

"ಕೇಸು ವಾಪಸ್ ತಗೊಳ್ರೋ!"

ಮುಂಚೆ ಕೂಗಿದ್ದು ಪಲ್ಲವಿ, ಈಗ ಶುರುವಾಯಿತು ಹಾಡು. ಹೊಲಿಗೆ ಸೆಕ್ಷನ್ನಿನವರು ಮಿಷನ್ನು ಬಿಟ್ಟು ಬಂದರು, ಕಡ್ಡಿ ಬಗ್ಗಿಸುವವರು ಬಂದರು, ಲಾರಿ ಡ್ರೈವರುಗಳು ಕೀಲಿ ಜೇಬಿಗಿಟ್ಟು ಬಂದರು. ವಿದೇಶದ ವ್ಯಾಪಾರಿ ಗಡಿಯಾರ ನೋಡಿ ಧಣಿಯನ್ನು ನೋಡಿದ. ಲಾಭದ ಕೇಸಿನ ಮೊದಲ ಚಿತ್ರ ಗೋಡೆಯ ಮೇಲೆ ಉರಿಯುತ್ತಲೇ ಇತ್ತು, ಸರಕು ಮಾತ್ರ ಗೇಟಿನಲ್ಲಿ ತಲೆಯ ಮೇಲಿತ್ತು. ಬಿಸಿಲು ಇಳಿಯುವ ಮೊದಲು ಧಣಿ ಕೆಳಗಿಳಿದ. ಸೆಕ್ಷನ್ ಮುಚ್ಚುವುದಿಲ್ಲವೆಂದು ಎಲ್ಲರೆದುರು ಹೇಳಿ, ದೊಡ್ಡಕ್ಕ ಹೇಳಿದ ಕಡೆಯಲ್ಲೆಲ್ಲ ಸಹಿ ಹಾಕಿದ. ಪ್ರೊಫೆಸರಮ್ಮ ಕೇಸು ವಾಪಸ್ ತೆಗೆದುಕೊಂಡಳು.

"ಖುಲಾಸೆ!" ಎಂದು ಕೋರ್ಟಜ್ಜ ಘೋಷಿಸಿದರು. ಓದುವ ಕೇಸೂ ಕೋರ್ಟಿನ ಕೇಸೇ ಎಂದು ಅವರು ಇವತ್ತಿಗೂ ನಂಬಿದ್ದಾರೆ.

ಆದರೆ ತಂಡಕ್ಕೆ ಕೇಸು ಬೇಕಲ್ಲ. ಕೈ ಹಾಕಲು ಹತ್ತಿರದಲ್ಲಿ ಸಿಕ್ಕಿದ್ದು ಷಡ್ಡಕನ ಸೋಪು ಕಂಪನಿ. ಕತ್ತರಿಸಲು ಸುಲಭವಾಗಿ ಕಂಡದ್ದು ಮಾರಾಟದ ವಿಭಾಗ. ಸಲಹೆ ಕೊಡುವುದನ್ನು ಕಲಿಯಲು ಹೋದವನ ಮೇಲೆ ಅವನ ಪಕ್ಕದ ಬೆಂಚಿನವರೇ ಸಲಹೆ ಬರೆಯತೊಡಗಿದರು. ಒಂದು ಸಂಜೆ ಷಡ್ಡಕ ಮೇಸ್ತ್ರಿಯ ಮನೆಯ ಬಾಗಿಲಲ್ಲಿ ನಿಂತಿದ್ದ. ಕೋಟಿರಲಿಲ್ಲ.

"ಶನಿವಾರ ನಮ್ಮ ಗೇಟಲ್ಲಿ ಸೋಪಿನೋರೆಲ್ಲಾ ಕೂರ್ತಾರಂತೆ," ಎಂದ, ಚಪ್ಪಲಿ ನೋಡುತ್ತಾ. "ಕೂಗೋದು ಹೇಗೆ ಅಂತ ನಮಗ್ಯಾರಿಗೂ ಗೊತ್ತಿಲ್ಲ. ನಿಮ್ಮ ದೊಡ್ಡಕ್ಕ... ನೀನು..."

"ಶನಿವಾರ ನನ್ನ ಮೊದಲ ಕ್ಲಾಸು ಭಾವ," ಎಂದ ಮೇಸ್ತ್ರಿ. ನಿಜವೇ ಇತ್ತು. ಸೋತರೂ ಪ್ರೊಫೆಸರಮ್ಮ ಸೀಟಿನ ಮಾತು ಉಳಿಸಿಕೊಂಡಿದ್ದಳು. ಗೇಟಿನಲ್ಲಿ ಕೆಲಸ ನಿಲ್ಲಿಸಿದವನಿಂದಲೇ ಕೆಲಸ ನಿಲ್ಲದಂತೆ ಮಾಡುವುದನ್ನು ಕಲಿಯುವ ಆಸೆ ಅವಳಿಗೆ.

ಷಡ್ಡಕ ತಲೆಯಾಡಿಸಿ ಮೆಟ್ಟಿಲಿಳಿದ. ಒಳಗಿನಿಂದ ಹೆಂಡತಿ, "ಹೋಗಲಿ ಬಿಡಿ, ಅನುಭವಿಸಲಿ," ಎಂದಳು. ಹೇಳಿದ ಮೇಲೆ ಫೋನು ತೆಗೆದುಕೊಂಡು, ಅಕ್ಕನ ಹೆಸರು ಒತ್ತಿ, ರಿಂಗಾಗುವ ಮೊದಲೇ ಇಟ್ಟಳು. ಹಾಗೆ ಮೂರ್ನಾಲ್ಕು ಸಲ.

ಶನಿವಾರ ಸೋಪು ಫ್ಯಾಕ್ಟರಿಯ ಗೇಟಿನಲ್ಲಿ ಕೊಡೆಗಳು ಬಿಚ್ಚಿಕೊಂಡವು. ಕೋರ್ಸಿನ ಸೀಟು ಖಾಲಿಯಿತ್ತು. ಮೇಸ್ತ್ರಿ ಗೇಟಿನ ಮುಂದಿನ ಸಾಲಿನಲ್ಲಿ ಷಡ್ಡಕನ ಪಕ್ಕಕ್ಕೇ ನಿಂತಿದ್ದ. ಒಂದೆರಡು ಸಲ ಹೇಗೆ ಕೂಗಬೇಕೆಂದು ತೋರಿಸಿಕೊಟ್ಟ. ಷಡ್ಡಕ ಕೆಮ್ಮಿದ, ಗಂಟಲು ಸರಿಮಾಡಿಕೊಂಡ. ಆಮೇಲೆ, ಆಫೀಸರಾಗುವ ಮೊದಲು ಬೀದಿ ಬೀದಿ ಸೋಪು ಮಾರಿ ಹದಗೊಂಡಿದ್ದ ಆ ಗಂಟಲು ಒಮ್ಮೆಲೇ ತೆರೆದುಕೊಂಡಿತು. ಇಡೀ ಗುಂಪು ಅವನತ್ತ ತಿರುಗಿತು. ದೊಡ್ಡಕ್ಕನೇ ನಿಂತು, "ಭಲೇ! ಗಂಟಲು ಅಂದ್ರೆ ಇದು!" ಎಂದಳು. ಮಾವ ಚಪ್ಪಾಳೆ ತಟ್ಟಿದರು.

ಇಲ್ಲೂ ಇವನೇ! ಮೇಸ್ತ್ರಿ ಷಡ್ಡಕನನ್ನು ಮೊಣಕೈಯಿಂದ ತಿವಿದು, ಅವನಿಗಿಂತ ಒಂದು ಗೇಣು ಎತ್ತರದ ದನಿಯಲ್ಲಿ ಕೂಗಿದ. ಷಡ್ಡಕ ಬಿಡುತ್ತಾನೆಯೇ? ಅವನು ಅದಕ್ಕಿಂತ ಮೇಲೆ. ಇವನು ಇನ್ನೂ ಮೇಲೆ. ಇಬ್ಬರ ಕುತ್ತಿಗೆಯ ನರಗಳೂ ಹಗ್ಗದಂತೆ ಉಬ್ಬಿದವು. ಸೋಪಿನ ಧಣಿ ಮೇಲಿನ ಕಿಟಕಿಯನ್ನು ಮುಚ್ಚಿದ, ಪರದೆ ಎಳೆದ, ಆಮೇಲೆ ಕಿವಿ ಮುಚ್ಚಿಕೊಂಡ. ಕೆಳಗೆ ಇಬ್ಬರಲ್ಲಿ ಒಬ್ಬನೂ ಮೊದಲು ನಿಲ್ಲಿಸುವ ಲಕ್ಷಣ ಕಾಣಲಿಲ್ಲ.